ಶನಿವಾರದ ದೋಣಿ

"ಏನ್ರೀ! ಕಣ್ಣು ಕಾಣಲ್ವೇನ್ರೀ ನಿಮಗೆ? ಇದೇನು ಕೆರೆನೋ, ನಿಮ್ಮನೆ ಅಂಗಳಾನೋ?"

ಗುಬ್ಬಿ ಕೆರೆಯ ಮೆಟ್ಟಿಲ ಮೇಲೆ ನಿಂತು ಅಲಮೇಲು ಕೂಗಿದ ಕೂಗಿಗೆ ಏರಿಯ ಮೇಲಿದ್ದ ಕೊಕ್ಕರೆಗಳೆಲ್ಲ ಎದ್ದು ಹಾರಿದವು.

ಕೂಗದೆ ಇನ್ನೇನು ಮಾಡಿಯಾಳು! ಅಜ್ಜಿಯೂ ಮೊಮ್ಮಗಳೂ ಬೆಳಗಿನಿಂದ ಒತ್ತಿ, ಪಂಚೆಯ ಮೇಲೆ ಹರವಿದ್ದ ಸಂಡಿಗೆ... ಎಲ್ಲಿಂದಲೋ ಬಂದ ಮೋಟಾರು ದೋಣಿಯೊಂದು ಭರ್ರನೆ ತಿರುಗಿದ ರಭಸಕ್ಕೆ ಅಲೆ ಎದ್ದು, ಮೆಟ್ಟಿಲು ಹತ್ತಿ ಬಂದು, ಸಂಡಿಗೆಯನ್ನೆಲ್ಲ ಗಂಜಿ ಮಾಡಿ, ವಾಪಸು ಹೋಗುವಾಗ ಹಿತ್ತಾಳೆ ಬಿಂದಿಗೆಯನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು.

ಅಲಮೇಲು ಸೆರಗು ಸಿಕ್ಕಿಸಿ ನೀರಿಗೆ ಧುಮುಕಲು ಹೊರಟಳು. ಅಜ್ಜಿ ಅವಳ ಜಡೆ ಹಿಡಿದು ಎಳೆದೇಬಿಟ್ಟಳು.

"ನೀರಿಗಿಳಿದೀಯಾ ಜೋಕೆ! ಎದುರಿಗೆ ಗಂಡಸು ಇದಾನೆ, ಕಾಣಲ್ವೇನೇ?" ಎಂದು ಪಿಸುಗುಟ್ಟಿದಳು.

ಚಿಕ್ಕಂದಿನಲ್ಲಿ ಅಣ್ಣಂದಿರನ್ನು ಹಿಂದೆ ಹಾಕಿ ಈ ಕೆರೆಯನ್ನು ದಡದಿಂದ ದಡಕ್ಕೆ ಈಜಿದವಳು ಅಲಮೇಲು. ಹುಡುಗಿ ದೊಡ್ಡವಳಾದ ಮೇಲೆ ಆ ವಿಷಯ ಊರವರ ಬಾಯಿಗೆ ಬೀಳದ ಹಾಗೆ ಅಜ್ಜಿ ಕಾಪಾಡಿಕೊಂಡು ಬಂದಿದ್ದಳು.

ಅಷ್ಟರಲ್ಲಿ ದೋಣಿ ಹತ್ತಿರ ಬಂತು. ಎಣ್ಣೆ ಕಲೆಯ ಅಂಗಿ ತೊಟ್ಟ ಯುವಕನೊಬ್ಬ ಬಿಂದಿಗೆಯನ್ನು ಎತ್ತಿ, ಒರೆಸಿ, ಮೆಟ್ಟಿಲ ಮೇಲಿಟ್ಟ.

"ತಪ್ಪಾಯ್ತು. ಎಂಜಿನ್ ರಿಪೇರಿ ಮಾಡಿ ಟ್ರಯಲ್ ನೋಡ್ತಿದ್ದೆ. ಇದಕ್ಕೆ ಬ್ರೇಕ್ ಇರಲ್ಲ ನೋಡಿ..."

"ಬ್ರೇಕ್ ಇಲ್ದಿರೋರು ದಡದಲ್ಲಿರ್ಬೇಕು!"

ಅವನು ಅವಳನ್ನೇ ನೋಡುತ್ತಾ ನಿಂತ. ಆಮೇಲೆ ಮೆಲ್ಲಗೆ ಅಂದ, "ಇನ್ನೊಂದ್ಸಲ ಬೈತೀರಾ? ಎಂಜಿನ್ ಶಬ್ದದಲ್ಲಿ ಸರಿಯಾಗಿ ಕೇಳಿಸ್ಲಿಲ್ಲ."

ಎಂಜಿನ್ ಆಗಲೇ ನಿಂತುಹೋಗಿತ್ತು!

ಅಲಮೇಲುವಿನ ಕೆನ್ನೆ ಕೆಂಪಾಯಿತು. ಕೋಪಕ್ಕೋ, ಇನ್ನೊಂದಕ್ಕೋ... ಅವಳಿಗೇ ತಿಳಿಯಲಿಲ್ಲ.

*

ಅವನ ಹೆಸರು ಸುಬ್ಬಕೃಷ್ಣ. ತುಮಕೂರಿನ ಶಿರಾ ಗೇಟಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಮನೆಯಲ್ಲಿ ತಾಯಿ ರಾಧಮ್ಮ ಒಬ್ಬರೇ. ಗುಬ್ಬಿಯ ಪುರೋಹಿತರು ಲಕ್ಷ್ಮೀನರಸಿಂಹಯ್ಯನವರೇ ನಡುವೆ ಓಡಾಡಿ ಜಾತಕ ಕೂಡಿಸಿದರು. ಮಾಘದಲ್ಲಿ ಮದುವೆಯೂ ಆಗಿಹೋಯಿತು.

ಅತ್ತೆ ಒಳ್ಳೆಯವರು. ತಲೆಗೆ ಎಣ್ಣೆ ಹಚ್ಚಿ ಎರೆಯುವರು, ಹೋಳಿಗೆಗೆ ತುಪ್ಪ ಹೆಚ್ಚಾಗಿಯೇ ಬಡಿಸುವರು. ಗಂಡನಂತೂ ದಿನವೂ ಸಂಜೆ ಅಂಗಡಿಯಿಂದ ಮಲ್ಲಿಗೆ ತರುವನು. ಹೂವಿನಲ್ಲಿ ಸ್ವಲ್ಪ ಸೀಮೆಎಣ್ಣೆಯ ವಾಸನೆಯೂ ಇರುತ್ತಿತ್ತು. ಅಲಮೇಲುವಿಗೆ ಅದೂ ಹಿತವೇ.

ಆದರೆ ಎರಡು ವಿಷಯ ಮಾತ್ರ ಅವಳ ಎದೆಯಲ್ಲಿ ಮುಳ್ಳಾಗಿ ಕೂತವು.

ಒಂದು, ಹಿತ್ತಲ ಬಾವಿ. ಅವಳು ಹಗ್ಗಕ್ಕೆ ಕೈ ಹಾಕಿದರೆ ಸಾಕು, ಅತ್ತೆ ಓಡಿಬರುವರು. "ಬೇಡಮ್ಮಾ, ನೀನು ಈಚೆ ಬಾ. ನೀರು ನಾನೇ ಸೇದ್ಕೋತೀನಿ."

'ಮಂಡಿ ನೋವಿನ ಅತ್ತೆ ಸೇದಬಹುದು, ನಾನು ಸೇದಬಾರದೆ? ನನ್ನ ಕೈ ನೀರು ಇವರಿಗೆ ಬೇಡವೆ...?'

ಇನ್ನೊಂದು, ಶನಿವಾರ. ಶನಿವಾರ ಮಧ್ಯಾಹ್ನವಾದರೆ ಸುಬ್ಬಕೃಷ್ಣ ಕುಣಿಗಲ್ ಬಸ್ಸು ಹತ್ತುತ್ತಿದ್ದ. ಮಾರ್ಕೋನಹಳ್ಳಿ ಅಣೆಕಟ್ಟಿನ ಹಿನ್ನೀರಿನಲ್ಲಿ ಅವನ ಪುಟ್ಟ ದೋಣಿ ಇತ್ತು. ರಾತ್ರಿ ಅದರಲ್ಲೇ ಮುದುರಿ ಮಲಗಿ, ಭಾನುವಾರ ಸಂಜೆ ಬಿಸಿಲಿಗೆ ಕಪ್ಪಾಗಿ, ಮುಖದ ತುಂಬ ನಗು ಹೊತ್ತು ಬರುವನು.

ಒಂದು ಸಲವಾದರೂ... ಒಂದೇ ಒಂದು ಸಲವಾದರೂ, 'ನೀನೂ ಬಾ' ಅನ್ನಲಿಲ್ಲ!

*

ಯುಗಾದಿ ಹತ್ತಿರ ಬಂದಿತ್ತು. ಒಂದು ಬೆಳಗ್ಗೆ ಹಬೀಬ್ ಸಾಬ್ ಮನೆಗೆ ಬಂದರು. ಹಳೇ ಎಂಜಿನ್ನು, ಹಳೇ ಜೀಪು, ಹಳೇ ಏನು ಬೇಕಾದರೂ ಹರಾಜಿನಲ್ಲಿ ಕೊಂಡು ಮಾರುವ ಆಸಾಮಿ. ಸುಬ್ಬಕೃಷ್ಣನಿಗೆ ಅಣ್ಣನಿದ್ದ ಹಾಗೆ.

"ಸುಬ್ಬಣ್ಣ, ಎರಡು ದೋಣಿ ಎತ್ಕೊಂಡ್ ಬಂದಿದೀನಿ. ನಿಮ್ ಬಾತುಕೋಳಿ ಹಂಗಲ್ಲ, ದೊಡ್ಡವು. ಒಂದು ಕೆಂಪು, ಒಂದು ನೀಲಿ. ಮಾರ್ಕೋನಹಳ್ಳೀಲೇ ನೀರಿಗಿಳಿಸಿದೀನಿ. ಕೆಂಪುದು ಐತಲ್ಲಾ, ಬಾಣ! ಎರಡು ಎಂಜಿನ್ನು. ಸುಮ್ನೆ ಮುಟ್ಟಿದ್ರೆ ಮೂತಿ ಎತ್ಕೊಂಡ್ ಹಾರ್ತದೆ."

"ಹಲಗೆ ಹೇಗಿದೆ ಸಾಹೇಬ್ರೇ? ತಳ ಮೆತ್ತಗಾಗಿಲ್ಲ ತಾನೇ?"

"ತಟ್ಟಿ ನೋಡ್ಕಳ್ಳಿ. ಗಂಟೆ ಬಾರಿಸ್ದಂಗೆ ಸದ್ದು ಬರ್ತದೆ."

"ಹಾರೋದು ಸರಿ. ರಾತ್ರಿ ನಿಂತಾಗ ಹೇಗೆ? ಮಲಗಿದೋರನ್ನ ತೊಟ್ಟಿಲ ಹಾಗೆ ತೂಗುತ್ತೋ, ಮೊರದಲ್ಲಿ ಹಾಕಿ ಕೇರುತ್ತೋ?"

"ಅಯ್ಯೋ, ಒಬ್ರು ಮಲಗಕ್ಕೆ ಅಷ್ಟೆಲ್ಲಾ ತಗಾದೆ ಯಾಕೆ ಸಾಮಿ?"

ಸುಬ್ಬಕೃಷ್ಣನ ದನಿ ತಗ್ಗಿತು. "ಒಬ್ಬರಲ್ಲ ಸಾಹೇಬ್ರೇ, ಇಬ್ಬರು. ಮನೇಲಿ ಉಸಿರೆತ್ತಬೇಡಿ, ಆಣೆ! ಯುಗಾದಿ ಒಂದು ಕಳೀಲಿ... ಆಮೇಲೆ ಪ್ರತಿ ಶನಿವಾರ ಇಬ್ಬರು."

ಬಾಗಿಲ ಮರೆಯಲ್ಲಿ ಕಾಫಿ ಹಿಡಿದು ನಿಂತಿದ್ದ ಅಲಮೇಲುವಿನ ಲೋಟದ ಕಾಫಿ ತಟ್ಟೆಗೆ ಚೆಲ್ಲಿತು.

'ಇಬ್ಬರಾ? ಯಾರು ಆ ಇನ್ನೊಬ್ಬಳು?'

ಆ ದಿನವೇ ಅವನ ಕ್ಯಾನ್ವಾಸ್ ಚೀಲ ಬಿಚ್ಚಿ ನೋಡಿದಳು. ನೋಡಬಾರದಿತ್ತು... ಹೊಸ ತಟ್ಟೆ ಎರಡು, ಹೊಸ ಲೋಟ ಎರಡು. ಒಂದು ಕೈಗನ್ನಡಿ, ಹೇರ್‌ಪಿನ್ನು!

ಟ್ರಂಕಿನಲ್ಲಿದ್ದ ಅವಳ ಹಳೇ ಬದನೆಕಾಯಿ ಬಣ್ಣದ ಸೀರೆಯೂ ಮಾಯ!

'ನನ್ನ ಸೀರೆಯನ್ನೂ ಅವಳಿಗೇ ಉಡಿಸಿಬಿಟ್ಟರಾ?'

ಶುಕ್ರವಾರ ಸಂಜೆ ಹೂ ಮುಡಿಸಲು ಬಂದ ಗಂಡನ ಕಣ್ಣಲ್ಲಿ ಕಣ್ಣಿಟ್ಟು ಅಂದಳು.

"ನಾಳೆ ನಾನೂ ಬರ್ತೀನಿ."

"ಬೇಡ!" ಅವನು ಬೆಚ್ಚಿಬಿದ್ದ. "ಅಂದ್ರೆ... ಅಲ್ಲಿ ಸೊಳ್ಳೆ ಕಣೇ. ತುಂಬಾ ಸೊಳ್ಳೆ."

"ಸೊಳ್ಳೆ ನಿಮ್ಮನ್ನ ಮಾತ್ರ ನೆಂಟರ ಥರ ನೋಡ್ಕೊಳ್ತವಾ?"

"ಅಲಮೇಲು, ಯುಗಾದಿ ಕಳೀಲಿ, ಎಲ್ಲಾ ಹೇಳ್ತೀನಿ..."

"ಏನೂ ಹೇಳ್ಬೇಡಿ!"

ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಮಲ್ಲಿಗೆ ದಿಂಬಿನ ಮೇಲೆಯೇ ಬಾಡಿತು.

*

ಮಾರನೆಯ ದಿನ ಗಂಡ ಹೋದ ಮೇಲೆ ಅಲಮೇಲು ಟ್ರಂಕಿಗೆ ಬಟ್ಟೆ ತುಂಬಿದಳು. "ಅಜ್ಜೀನ ನೋಡ್ಕೊಂಡ್ ಬರ್ತೀನಿ ಅತ್ತೆ" ಅಂದಳು. ಮತ್ತೆ ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದಳು. ರಾಧಮ್ಮ ಕುಂಕುಮ ಇಟ್ಟು, "ಕೆರೆ ಕಡೆ ಹೋಗ್ಬೇಡಮ್ಮ" ಅಂದರು. ಯಾಕೆ ಹಾಗಂದರೋ ಎಂದು ಯೋಚಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಗುಬ್ಬಿ ಬಸ್ಸೂ ಕುಣಿಗಲ್ ಬಸ್ಸೂ ಪಕ್ಕಪಕ್ಕದಲ್ಲೇ ನಿಂತಿದ್ದವು.

ಗುಬ್ಬಿ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು. ನಿಂತಳು.

'ಹೋಗುವುದು ಹೋಗುತ್ತೇನೆ... ಅವಳ ಮುಖವನ್ನಾದರೂ ನೋಡಬಾರದೆ?'

ಟ್ರಂಕು ಕುಣಿಗಲ್ ಬಸ್ಸಿನ ಮೇಲೇರಿತು!

ಕುಣಿಗಲ್ಲಿನಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ ಅವಳು ಮಾರ್ಕೋನಹಳ್ಳಿ ತಲುಪುವಾಗ ಬಿಸಿಲು ಹಳದಿಗೆ ತಿರುಗಿತ್ತು. ದಡದಲ್ಲಿ ಡಬ್ಬದ ಮೇಲೆ ಕೂತು ಹಬೀಬ್ ಸಾಬ್ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಕೆಂಪು ದೋಣಿ ಅವರ ಪಕ್ಕದಲ್ಲೇ ಗೂಟಕ್ಕೆ ಕಟ್ಟಿತ್ತು. ನೀಲಿ ದೋಣಿ, ಅಗಲವಾದದ್ದು, ನಡುವೆ ಪುಟ್ಟ ಕೋಣೆ ಇದ್ದದ್ದು, ನೀರಿನಲ್ಲಿ ಸುತ್ತು ಹಾಕುತ್ತಿತ್ತು. ಚುಕ್ಕಾಣಿಯ ಹತ್ತಿರ ಸುಬ್ಬಕೃಷ್ಣ.

ಕೋಣೆಯ ಕಿಟಕಿಯಲ್ಲಿ...

ಬದನೆಕಾಯಿ ಬಣ್ಣದ ಸೀರೆ! ಯಾರೋ ಮಲಗಿದ್ದಾರೆ. ಹಾಯಾಗಿ, ಕಾಲು ಚಾಚಿ!

"ಸಾಹೇಬ್ರೇ, ಅಲ್ಲಿ ಮಲಗಿರೋದು ಯಾರು?"

ಹಬೀಬ್ ಸಾಬ್ ಕೈಯಿಂದ ಎಲೆ ಜಾರಿತು. "ಅಮ್ಮಾ! ನೀವ್ಯಾಕ್ ಬಂದ್ರಿ ಇಲ್ಲಿ? ಅದು... ನಾನ್ ಹೇಳಂಗಿಲ್ಲಮ್ಮ. ಆಣೆ ಹಾಕವ್ರೆ ನಂಗೆ."

ಅಷ್ಟು ಸಾಕಾಯಿತು. ಟ್ರಂಕನ್ನು ಅಲ್ಲೇ ಇಟ್ಟಳು. ಸೀರೆಯನ್ನು ಎತ್ತಿ ಕಚ್ಚೆ ಕಟ್ಟಿದಳು. ಗುಬ್ಬಿ ಕೆರೆಯ ಹಳೆಯ ಅಲಮೇಲು ಆಗಿ ನೀರಿಗೆ ಹಾರಿದಳು.

"ಅಲಮೇಲೂ!" ದೋಣಿಯಿಂದ ಕೇಳಿದ ಆ ಕೂಗು ಎದೆ ಸೀಳುವಂತಿತ್ತು. "ಬೇಡ ಕಣೇ! ವಾಪಸ್ ಹೋಗೂ!"

'ಹೋಗಬೇಕಂತೆ! ಹೋಗ್ತೀನಿ, ನೋಡಿಯೇ ಹೋಗ್ತೀನಿ!' ಅವಳ ಕೈಗಳು ಇನ್ನೂ ಜೋರಾಗಿ ನೀರು ಸೀಳಿದವು.

ಸುಬ್ಬಕೃಷ್ಣ ಎಂಜಿನ್ ಆರಿಸಿದವನೇ ಹಿಂದೆ ಮುಂದೆ ನೋಡದೆ ಧುಮುಕಿದ.

ಧುಮುಕಿದವನು ಮೇಲೆ ಬರಲಿಲ್ಲ.

ಒಂದು ಕೈ ಕಾಣಿಸಿತು. ಗುಳುಗುಳು ಎಂದು ನೀರು ಕುಡಿದ ಸದ್ದು. ಮತ್ತೆ ಮಾಯ!

ಅಲಮೇಲುವಿನ ಕೋಪವೆಲ್ಲ ಆ ಕ್ಷಣಕ್ಕೆ ಕರಗಿಹೋಯಿತು. "ಅಯ್ಯೋ ದೇವ್ರೇ... ಇವರಿಗೆ ಈಜು ಬರಲ್ವಾ?"

ಒಂದೇ ಉಸಿರಿಗೆ ಮುಳುಗಿ, ಕೈಗೆ ಸಿಕ್ಕ ಅಂಗಿಯ ಕಾಲರನ್ನು ಹಿಡಿದು ಮೇಲೆಳೆದಳು. ದೋಣಿಯ ಅಂಚಿಗೆ ಅವನನ್ನು ಒರಗಿಸಿ, ತಳ್ಳಿ, ಹತ್ತಿಸಿ, ತಾನೂ ಹತ್ತಿದಳು. ಅವನು ಹಲಗೆಯ ಮೇಲೆ ಬಿದ್ದುಕೊಂಡು ಕೆಮ್ಮುತ್ತಿದ್ದ. ಜೀವಕ್ಕೆ ಅಪಾಯವಿಲ್ಲ ಎಂದು ಗೊತ್ತಾದ ಕೂಡಲೇ ಸರಸರನೆ ಕೋಣೆಗೆ ನುಗ್ಗಿದಳು.

"ಏಳೇ ಮೇಲೆ!"

ಸೆರಗು ಹಿಡಿದು ಎಳೆದಳು. ಮಲಗಿದ್ದವಳು ಉರುಳಿದಳು. ಸರ್ರನೆ... ಅವಳ ಕಾಲ ಮೇಲೆಲ್ಲ ರಾಗಿ ಸುರಿಯಿತು!

ಅಲಮೇಲು ಬಾಯಿ ತೆರೆದು ನಿಂತಳು.

"ಇದೇನ್ರೀ ಇದು?"

"ರಾಗಿ..." ಕೆಮ್ಮಿನ ನಡುವೆ ಉತ್ತರ ಬಂತು.

"ರಾಗಿ ಮೂಟೆಗೆ ನನ್ನ ಸೀರೆ ಯಾಕ್ರೀ?"

"ಗೋಣಿ ತೂತಾಗಿತ್ತು. ಆಮೇಲೆ... ನಿನ್ನ ಸೀರೆ ಸುತ್ತಿದ್ರೆ ನೀನೇ ಮಲಗಿದ ಹಾಗಿರುತ್ತೆ ಅಂತ. ದೋಣಿ ತಿರುಗಿದಾಗ ನೀನು ಬೀಳ್ತೀಯೋ ಇಲ್ವೋ ಅಂತ ಪರೀಕ್ಷೆ ಮಾಡ್ತಿದ್ದೆ."

"ನಾನು ರಾಗಿ ಮೂಟೆ ಥರ ಇದೀನಾ?"

"ತೂಕ ಒಂದು ಅಂದಾಜು ಕಣೇ..."

ನಗು ಬರುವ ಮೊದಲೇ ಅವಳಿಗೆ ಅಳು ಬಂತು.

"ಮೂಟೇನ ಕರ್ಕೊಂಡ್ ಬಂದ್ರಿ... ನನ್ನ ಯಾಕ್ರೀ ಕರೀಲಿಲ್ಲ?"

ಸುಬ್ಬಕೃಷ್ಣ ಎದ್ದು ಕೂತ. "ನಿನಗೆ ಜಲಗಂಡ ಇದೆಯಲ್ಲೇ! ಲಕ್ಷ್ಮೀನರಸಿಂಹಯ್ಯನೋರು ಮದುವೆಗೆ ಮುಂಚೇನೇ ಹೇಳಿದ್ರು. ನೀರಿನಿಂದ ಪ್ರಾಣಕ್ಕೆ ಕಂಟಕ, ಈ ಯುಗಾದಿಗೆ ಕಳೆಯುತ್ತೆ, ಅಲ್ಲೀವರೆಗೂ ನೀರಿನ ಹತ್ರ ಬಿಡಬೇಡಿ ಅಂತ. ನಿಂಗೆ ಹೇಳಿದ್ರೆ ಹೆದರ್ಕೋತೀಯ ಅಂತ ಅಮ್ಮನೂ ನಾನೂ ಸುಮ್ನಿದ್ವಿ. ಅವತ್ತು ಗುಬ್ಬಿ ಕೆರೇಲಿ ನಿಮ್ಮಜ್ಜಿ ನಿನ್ನ ಜಡೆ ಹಿಡಿದು ಎಳೆದಿದ್ದನ್ನ ನಾನೇ ಕಣ್ಣಾರೆ ನೋಡಿದ್ನಲ್ಲ!"

ಜಲಗಂಡ!

ಅಲಮೇಲು ಹಣೆ ಬಡಿದುಕೊಂಡಳು.

"ಅಯ್ಯೋ, ಅದು ಅಜ್ಜಿ ಹೇಳಿದ್ದ ಸುಳ್ಳು ಕಣ್ರೀ! ಕಾವೇರಿ ದಡದಿಂದ ಎರಡನೇ ಸಂಬಂಧದ ಮುದುಕ ಒಬ್ಬ ನನ್ನ ಕೇಳ್ಕೊಂಡ್ ಬಂದಿದ್ದ. ಅವನನ್ನ ಓಡಿಸಕ್ಕೆ, 'ಹುಡುಗಿಗೆ ಜಲಗಂಡ ಇದೆ, ಹೊಳೆ ದಂಡೆಗೆ ಕೊಡಲ್ಲ' ಅಂದ್ಬಿಟ್ಲು. ಪುರೋಹಿತರು ಅದನ್ನ ನಿಜ ಅಂತ ತಲೇಲಿ ಇಟ್ಕೊಂಡಿದಾರೆ!"

ಹೇಳುತ್ತಾ ಹೇಳುತ್ತಾ ಅವಳಿಗೆ ಮನೆ ನೆನಪಾಯಿತು. ಹಿತ್ತಲ ಬಾವಿ... ಮಂಡಿ ಹಿಡಿದುಕೊಂಡು ಹಗ್ಗ ಎಳೆಯುವ ಅತ್ತೆ...

"ಹಾಗಾದ್ರೆ ಅತ್ತೆ ನನ್ನ ಬಾವಿಗೆ ಬಿಡದೇ ಇದ್ದಿದ್ದು..."

"ನಿನ್ನ ಕಳ್ಕೋಬಾರ್ದು ಅಂತ."

ಈ ಸಲ ಅವಳು ಮುಖ ಮುಚ್ಚಿಕೊಂಡು ಅತ್ತೇಬಿಟ್ಟಳು. ಅವನು ಒದ್ದೆ ತೋಳಿನಲ್ಲೇ ಅವಳನ್ನು ಹತ್ತಿರಕ್ಕೆ ಎಳೆದುಕೊಂಡ.

"ಈಜು ಬರಲ್ಲ ಅಂತ ಗೊತ್ತಿದ್ದೂ ಯಾಕ್ರೀ ಧುಮುಕಿದ್ರಿ?" ಬಿಕ್ಕಳಿಕೆಯ ನಡುವೆ ಕೇಳಿದಳು.

"ಅದು ನೆನಪಾಗಿದ್ದೇ ನೀರೊಳಗೆ ಹೋದ್ಮೇಲೆ."

ಅಳುತ್ತಿದ್ದವಳು ಕಿಲಕ್ಕನೆ ನಕ್ಕಳು.

ದಡದಿಂದ ಹಬೀಬ್ ಸಾಬ್ ಕೈ ಬಾಯಿಗಿಟ್ಟು ಕೂಗಿದರು. "ಅಮ್ಮಾ! ಈ ಟ್ರಂಕು ತವರಿಗೋ, ದೋಣಿಗೋ?"

ಅಲಮೇಲು ಗಂಡನನ್ನು ನೋಡಿದಳು. ಅವನ ಕಣ್ಣು ಅವನಿಗೇ ಗೊತ್ತಿಲ್ಲದ ಹಾಗೆ ಕೆಂಪು ದೋಣಿಯ ಕಡೆಗೆ ಹೋಗಿ, ತಪ್ಪು ಮಾಡಿದವರ ಹಾಗೆ ಸರ್ರನೆ ವಾಪಸು ಬಂತು. ಅವಳು ಅದನ್ನು ಕಂಡಳು.

"ನಿಮಗೆ ಅದೇ ಇಷ್ಟ ಅಲ್ವಾ?"

"ಇಷ್ಟ ಏನೋ ಇಷ್ಟಾನೇ. ಆದ್ರೆ ಅದರಲ್ಲಿ ಮೂಟೆ ನಿಲ್ಲಲಿಲ್ಲ ಅಲಮೇಲು. ಪ್ರತಿ ತಿರುವಿಗೂ ಉರುಳಿ ಬೀಳ್ತಿತ್ತು. ಅದಕ್ಕೇ ಈ ನೀಲಿ..."

"ಸಾಹೇಬ್ರೇ!" ಅಲಮೇಲು ಎದ್ದು ನಿಂತು ಕೂಗಿದಳು. ಗುಬ್ಬಿ ಕೆರೆಯಲ್ಲಿ ಕೊಕ್ಕರೆ ಹಾರಿಸಿದ್ದ ಅದೇ ಗಂಟಲು. "ಟ್ರಂಕು ಕೆಂಪು ದೋಣಿಗೆ!"

"ಏಯ್, ಬಿದ್ದೀಯಾ ಕಣೇ!"

"ಮೂಟೆಗೆ ಕೈಯಿಲ್ಲ. ನಂಗಿದೆ. ಹಿಡ್ಕೋತೀನಿ."

"ಏನನ್ನ?"

ಮುಳುಗುವ ಸೂರ್ಯ ಹಿನ್ನೀರಿನ ಮೇಲೆಲ್ಲ ಕುಂಕುಮ ಚೆಲ್ಲಿದ್ದ. ಅವಳು ತಲೆ ತಗ್ಗಿಸಿ, ಅವನ ಒದ್ದೆ ಅಂಗಿಯ ತೋಳನ್ನು ಮೆಲ್ಲಗೆ ಮುಷ್ಟಿಯಲ್ಲಿ ಹಿಡಿದಳು.

"ನಿಮ್ಮನ್ನ..."

ಅವನು ಬಗ್ಗಿ ಅವಳ ಮುಖ ನೋಡಿದ.

"ಇನ್ನೊಂದ್ಸಲ ಹೇಳು. ಎಂಜಿನ್ ಶಬ್ದದಲ್ಲಿ ಸರಿಯಾಗಿ ಕೇಳಿಸ್ಲಿಲ್ಲ."

"ಎಂಜಿನ್ ನಿಂತೇ ಎಷ್ಟೊತ್ತಾಯ್ತಲ್ರೀ!"

"ಆದ್ರೂ..."

ಅಲಮೇಲು ಅವನ ಕಿವಿಗೆ ಬಾಯಿಟ್ಟು ಇನ್ನೊಂದು ಸಲ ಹೇಳಿದಳು.