ಬಂದು ಕೇಳಿ

"ಆ ಕುರ್ಚಿ ನಂದು. ಏಳ್ರಿ."

ಊರಿಗಾಂನ ಕಂಪ್ಯೂಟರ್ ಸೆಂಟರಿನಲ್ಲಿ ಕಾಮಸಮುದ್ರದ ಹುಡುಗಿ ವೆಂಕಟರತ್ನ, ಪೆರುಮಾಳನಿಗೆ ಆಡಿದ ಮೊದಲ ಮಾತು ಇದು. ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿ ಕಾರ್ಮಿಕರ ಲೈನುಮನೆಯ ಹುಡುಗ ನಕ್ಕು ಎದ್ದ. ರತ್ನ ಆ ನಗುವಿಗೆ ಬಿದ್ದದ್ದು ಆಗಲೇ. ತನಗೆ ತಾನೇ ಒಪ್ಪಿಕೊಳ್ಳಲು ವರ್ಷ ಹಿಡಿಯಿತು, ಅಷ್ಟೇ.

ಈಗ ತೊಂಬತ್ತೊಂಬತ್ತನೇ ಇಸವಿ. ಅದೇ ಕುರ್ಚಿ, ಪಕ್ಕದಲ್ಲಿ ಅದೇ ಪೆರುಮಾಳ್... ಮಾತು ಮಾತ್ರ ಇಲ್ಲ.

ಶುಕ್ರವಾರ ಅವಳಿಗೆ ಸೋದರಮಾವ ಕೋದಂಡಪ್ಪನ ಜೊತೆ ನಿಶ್ಚಿತಾರ್ಥ. ಅಕ್ಕನ ಮಗಳು ತಮ್ಮನಿಗೇ ಎಂದು ಅಮ್ಮ ಎಂದೋ ತೀರ್ಮಾನಿಸಿದ್ದಳು. ತನ್ನ ಮದುವೆಯ ಮಾತನ್ನು ಮಗಳೇ ಎತ್ತುವ ಮನೆಯಲ್ಲ ಅದು. ಮದುವೆಯಾದರೆ ಈ ಕೆಲಸಕ್ಕೂ ತಿಲಾಂಜಲಿ. ಅತ್ತ ದರಿ, ಇತ್ತ ಪುಲಿ. ಕಿಟಕಿಯಿಲ್ಲದ ಕೋಣೆಯಲ್ಲಿ ರತ್ನ ಪೆರುಮಾಳನತ್ತ ನೋಡದೆ ಕೀಲಿ ಕುಟ್ಟುತ್ತಿದ್ದಳು.

‘ಭಾನುವಾರ ಮನೆಗೆ ಬಂದು ಕೇಳಿ ಅಂದೆ. ಬಂದ, ಕಾಫಿ ಕುಡಿದ, ಹೋದ. ಪುಣ್ಯಾತ್ಮ...’

ಅವಳು ಕೇಳಿದವರಿಗೆ ಪುಟ ಕಳಿಸುವ ಹೊಸ ವೆಬ್ ಸರ್ವರನ್ನು ಸಿದ್ಧಪಡಿಸುತ್ತಿದ್ದಳು. ಅದಕ್ಕೊಂದು ಹೆಸರು ಕೊಟ್ಟಾಗಿತ್ತು, ಪುಟಗಳಿರುವ ಫೋಲ್ಡರ್ ತೋರಿಸಿಯಾಗಿತ್ತು, ಹೊರಗಿನವರು ಬರುವ ಬಾಗಿಲು ಪೋರ್ಟ್ ಎಂಬತ್ತು ಎಂದು ಬರೆದಾಗಿತ್ತು. ಅವಳ ಯಂತ್ರದಲ್ಲಿ ಪುಟ ಚೆನ್ನಾಗಿ ತೆರೆಯುತ್ತಿತ್ತು. ಎದುರು ಮೇಜಿನ ಯಂತ್ರದಲ್ಲಿ ಮಾತ್ರ ಏನೂ ಇಲ್ಲ.

ಪೆರುಮಾಳ್ ಬಗ್ಗಿ ನೋಡಿದ.

"ಲಿಸನ್, ಅಂದ್ರೆ ಕೇಳು ಅನ್ನೋ ಸಾಲ್ ನೋಡಿ. ಅದಕ್ಕೆ ಅದರದ್ದೇ ವಿಳಾಸ ಕೊಟ್ಟಿದೀರ. ತನ್ನ ಮಾತು ತಾನೇ ಕೇಳ್ಕಂಡು ಕುಂತೈತೆ. ಒರಗಿನೋರು ಎಷ್ಟು ಕೂಗಿದ್ರೂ ಕೇಳಲ್ಲ."

ರತ್ನಳ ಕಣ್ಣು ತುಂಬಿತು.

"ನೀವೂ ಕೇಳಲಿಲ್ವಲ್ಲ..."

"ಕೇಳ್ದೆನಲ್ಲ?" ಅವನು ಬೆರಗಾದ. "ಬಂದು ಕೇಳಿ ಅಂದ್ರಿ, ಬಂದೆ. ಮಗಳನ್ನ ತನ್ನ ತಮ್ಮನಿಗೇ ಕೊಡೋದು ಅಂತ ನಿಮ್ಮಮ್ಮ ಯೋಳಿದ್ರು. ಎಲ್ಲಾ ಕೇಳ್ದೆ. ನಿಮಗೂ ಅದೇ ಇಷ್ಟ, ನನಗೆ ತಿಳೀಲಿ ಅಂತ ಕರೆಸಿದ್ರಿ ಅನ್ಕಂಡೆ."

"ಅಯ್ಯೋ ಶಿವನೇ... ನಾನು ಕೇಳಿ ಅಂದಿದ್ದು ಬಾಯಲ್ಲಿ ಕಣ್ರೀ, ಕಿವೀಲಲ್ಲ! ನನ್ನನ್ನ ಕೇಳಿ ಅಂದೆ."

ಪೆರುಮಾಳ್ ಅವಳತ್ತ ತಿರುಗಿದ.

"ಅಂಗಾದ್ರೆ... ನಿಮಗೆ ನಾನಂದ್ರೆ..."

"ಕುರ್ಚಿ ಬಿಟ್ಟುಕೊಟ್ರಲ್ಲ, ಅವತ್ತಿಂದ್ಲೇ."

ರತ್ನ ಆ ವಿಳಾಸವನ್ನು ಅಳಿಸಿದಳು. ಸರ್ವರನ್ನು ನಿಲ್ಲಿಸಿ ಮತ್ತೆ ಶುರುಮಾಡಿದಳು. ಎದುರು ಮೇಜಿನಲ್ಲಿ ಪುಟ ತೆರೆಯಿತು. ಇಬ್ಬರೂ ಅದನ್ನು ನೋಡಲಿಲ್ಲ.

ಸಂಜೆ ಕಾಮಸಮುದ್ರದ ಬಸ್ಸಿನಿಂದ ಇಬ್ಬರೂ ಇಳಿದರು. ಅಮ್ಮ ಆದಿಲಕ್ಷ್ಮಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

"ಏನಪ್ಪಾ, ಮೊನ್ನೆ ಎಲ್ಲಾ ಯೋಳಿದ್ನಲ್ಲ?"

"ಅವತ್ತು ನೀವು ಯೋಳಿದ್ದು ಕೇಳ್ದೆ ಅಮ್ಮ. ಇವತ್ತು ನಿಮ್ಮ ಮಗಳನ್ನ ಕೇಳೋಕೆ ಬಂದೆ."

ಅಮ್ಮನ ಕೈ ನಿಂತಿತು. ರತ್ನ ಹೋಗಿ ಪೆರುಮಾಳನ ಪಕ್ಕದಲ್ಲೇ ನಿಂತಳು.

"ನನಗೂ ಇವರೇ ಬೇಕಮ್ಮ."

ಅಮ್ಮ ಮಗಳ ಮುಖ ನೋಡಿದಳು. ಆಮೇಲೆ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಇಬ್ರೂ ಕುಂತ್ಕಳಿ. ಮಾತಾಡಿ... ಈ ಸಲ ನಾನು ಕೇಳ್ತೀನಿ."