ಸರ್ವೀಸ್ ಪುಸ್ತಕದಲ್ಲಿ ಸತ್ತವನ ಮುದ್ರೆ

“ಕಾರು ತಗೊಂಡೋಗಿ, ಬೇಡ ಅನ್ನಲ್ಲ. ಎಷ್ಟು ಜೋರಾಗಿ ಬೇಕಾದ್ರೂ ಓಡ್ಸಿ. ಆದ್ರೆ ಈ ಪುಸ್ತಕದಲ್ಲಿ ಖಾಲಿ ಇರೋ ಜಾಗ ಖಾಲಿನೇ ಇರ್ಲಿ, ಕುಗಾ ಸಾನ್. ಒಂದಕ್ಷರ ಬರೀಬೇಡಿ.”

ಹೀಗೆಂದು ಶಿಗೆನೊ ಸರ್ವೀಸ್ ಪುಸ್ತಕವನ್ನು ಎರಡೇ ಬೆರಳಲ್ಲಿ ಹಿಡಿದು, ಸತ್ತ ಇಲಿಯನ್ನು ಎತ್ತಿ ಹಾಕುವವನಂತೆ ಮುಂದೆ ಚಾಚಿದ. ಇವಾಸೆ ಕಣಿವೆಯಲ್ಲಿ ಮೂರು ತಲೆಮಾರಿನಿಂದ ಬಿಸಿನೀರಿನ ಸ್ನಾನದ ಮನೆ ನಡೆಸಿಕೊಂಡು ಬಂದ ಮನೆತನದವನು. ಸುಮ್ಮಸುಮ್ಮನೆ ಹೆದರುವ ಆಸಾಮಿಯಲ್ಲ. ಆದರೂ ಪುಸ್ತಕ ಹಿಡಿದ ಕೈಯನ್ನು ಮೈಯಿಂದ ಆದಷ್ಟು ದೂರವೇ ಇಟ್ಟಿದ್ದ.

ಕುಗಾ ಶೂಹೇ ನಕ್ಕುಬಿಟ್ಟ. “ಬರೆದ್ರೆ ಏನಾಗತ್ತೆ? ಎದ್ದು ಬಂದು ಕಚ್ಚತ್ತಾ?”

ಅವನು ಒಸಾಕಾದವನು. ಎರಡು ವರ್ಷದ ಹಿಂದೆ ಹೆಂಡತಿ ಚಿನಾತ್ಸುವಿನೊಂದಿಗೆ ಈ ಬೆಟ್ಟದೂರಿಗೆ ಬಂದು ಹಳೆಯ ಸ್ಪೋರ್ಟ್ಸ್ ಕಾರುಗಳ ವ್ಯಾಪಾರ ಮುಂದುವರಿಸಿದ್ದ. ದೇವರನ್ನೂ ದೆವ್ವವನ್ನೂ ಒಂದೇ ಬುಟ್ಟಿಗೆ ಹಾಕಿ ನಗುವ ಜಾತಿ. ಅವನ ಕಣ್ಣೆಲ್ಲ ಶೆಡ್ಡಿನ ಕತ್ತಲಲ್ಲಿ ನಿಂತಿದ್ದ ಕಾರಿನ ಮೇಲಿತ್ತು. ಎರಡೇ ಬಾಗಿಲು, ನೆಲಕ್ಕೆ ಅಂಟಿಕೊಂಡಂಥ ಮೈ, ಇಪ್ಪತ್ತೈದು ವರ್ಷವಾದರೂ ಮಾಸದ ಬಿಳಿ ಬಣ್ಣ. ಒಂದೇ ಕೊರತೆಯೆಂದರೆ ಆ ಪುಸ್ತಕ. ಮೊದಲ ಒಂಬತ್ತು ವರ್ಷ ಪ್ರತಿ ಸರ್ವೀಸಿನ ಕೆಳಗೂ ‘ಮಾಸೆ’ ಎಂಬ ದುಂಡನೆಯ ಕೆಂಪು ಮುದ್ರೆ. ಆಮೇಲೆ ಎರಡು ಹಾಳೆ ಹರಿದಿವೆ. ಅಲ್ಲಿಂದ ಈಚೆಗೆ ಹದಿನಾರು ವರ್ಷ ಬರೀ ಬಿಳಿ ಹಾಳೆ.

“ಮಾಸೆ ಇಸಾವೊ ಅಂತ ಮೆಕ್ಯಾನಿಕ್ ಇದ್ದ,” ಶಿಗೆನೊ ತಗ್ಗಿದ ದನಿಯಲ್ಲಿ ಹೇಳಿದ. “ಬ್ರೇಕ್ ಪೈಪ್ ತುಕ್ಕು ಹಿಡಿದಿದೆ, ಓಡಿಸ್ಬೇಡಿ ಅಂತ ಈ ಹರಿದಿರೋ ಹಾಳೇಲಿ ಬರೆದಿದ್ನಂತೆ. ಕಾರಿನ ಯಜಮಾನ ಒರಿಹಾರಾ ದೊಡ್ಡ ಕಂಟ್ರಾಕ್ಟರ್ ಮಗ, ಕೇಳ್ತಾನಾ? ಘಾಟಿ ಇಳೀತಾ ಬ್ರೇಕ್ ಹೋಗಿ ಟಪಾಲು ಹಂಚೋ ಹೆಂಗಸಿನ ಮೇಲೆ ಹತ್ತಿಸ್ದ. ಮನೆಗೆ ಬಂದು ಹಾಳೆ ಹರಿದು, ಪೊಲೀಸಿಗೆ ‘ಬ್ರೇಕ್ ಸರಿ ಇದೆ ಅಂತ ಮಾಸೆನೇ ಹೇಳ್ದ’ ಅಂದ. ಮಾಸೆ ಮಾತು ಯಾರೂ ನಂಬ್ಲಿಲ್ಲ. ತನ್ನ ಗ್ಯಾರೇಜಲ್ಲೇ ನೇಣು ಹಾಕ್ಕೊಂಡ. ಅವನಮ್ಮ ಫುಮಿಯೆ ಗುಡಿ ಹಿಂದಿನ ದೇವದಾರು ಮರಕ್ಕೆ ಏಳು ದಿನ ಶಾಪ ಹಾಕ್ತಾ ಏಳು ಮೊಳೆ ಹೊಡೆದ್ಲು. ಒಂದೊಂದು ಮೊಳೆ ಕೆಳಗೂ ಮಗನ ಮುದ್ರೆ ಒತ್ತಿದ ಕಾಗದ. ಇವತ್ತಿಗೂ ಇದಾವೆ, ಹೋಗಿ ನೋಡಿ.”

“ಒರಿಹಾರಾ ಸತ್ತನಾ?”

“ಬದುಕಿದಾನೆ. ದವಡೆ ಕಚ್ಕೊಂಡಿದ್ದು ಮತ್ತೆ ಬಿಡ್ಲಿಲ್ಲ. ಹದಿನಾರು ವರ್ಷದಿಂದ ಒಂದು ಮಾತಾಡಿಲ್ಲ. ನಾನೂ ನನಗಿಂತ ಮುಂಚಿನವರೂ ಕಾರು ರಿಪೇರಿ ಮಾಡ್ಸಿದೀವಿ, ಆದ್ರೆ ಈ ಕಣಿವೇಲಿ ಒಬ್ಬ ಮೆಕ್ಯಾನಿಕ್ಕೂ ಈ ಪುಸ್ತಕದಲ್ಲಿ ಬರೆಯೋಕೆ ಒಪ್ಪಿಲ್ಲ.”

“ಲಕ್ವ ಹೊಡೆದಿರ್ಬೇಕು ಬಿಡಿ,” ಎಂದು ಕುಗಾ ಕೀಲಿಕೈಗೆ ಕೈ ಚಾಚಿದ.

ಈ ವ್ಯಾಪಾರದ ಗುಟ್ಟು ಇಷ್ಟೇ: ಅರ್ಧ ಬೆಲೆ ಕಾರಿಗೆ, ಇನ್ನರ್ಧ ಪುಸ್ತಕಕ್ಕೆ. ತಕಾಸಾಕಿಯ ಒಬ್ಬ ದಂತವೈದ್ಯ ಇಂಥದೇ ಕಾರಿಗಾಗಿ ಕಾದು ಕುಳಿತಿದ್ದ, ಆದರೆ ದಾಖಲೆ ಪೂರ್ತಿ ಇರಬೇಕೆಂದು ಹಟ ಹಿಡಿದಿದ್ದ. ಕುಗಾನಿಗೆ ದಾಖಲೆ ಪೂರ್ತಿ ಮಾಡುವುದು ನೀರು ಕುಡಿದಷ್ಟು ಸಲೀಸು. ಬಾಗಿಲು ಮುಚ್ಚಿದ ಗ್ಯಾರೇಜುಗಳ ರಬ್ಬರ್ ಮುದ್ರೆಗಳು ಅವನ ಡ್ರಾಯರಿನ ತುಂಬ ಇದ್ದವು. ವರ್ಷಕ್ಕೊಂದು ಪೆನ್ನು, ಅಲ್ಲಲ್ಲಿ ಒಂದು ಎಣ್ಣೆ ಕೈಯ ಗುರುತು, ಒಂದು ಕಡೆ ಕಾಫಿ ಕಲೆ. ಒಸಾಕಾದಲ್ಲೂ ಇಲ್ಲೂ ಸೇರಿ ಇನ್ನೂರು ಕಾರಿಗೆ ಹೀಗೆ ಜಾತಕ ಬರೆದಿದ್ದ. ಈ ಸಲ ಅವನಿಗೆ ಇನ್ನೂ ದೊಡ್ಡ ಆಸೆ ಹುಟ್ಟಿತು. ಹುಟ್ಟಿದಂದಿನಿಂದ ಒಂದೇ ಕೈ ನೋಡಿಕೊಂಡ ಕಾರು ಎಂದು ತೋರಿಸಬೇಕು. ಅದಕ್ಕೆ ಮಾಸೆಯ ಮುದ್ರೆಯೇ ಬೇಕು.

ಮರುದಿನ ಫುಮಿಯೆಯ ಮನೆಗೇ ಹೋದ. ನಾಚಿಕೆ ಎನ್ನುವುದು ಅವನ ಹತ್ತಿರ ಸುಳಿದದ್ದೇ ಇಲ್ಲ. ಮುದುಕಿ ಜಗಲಿಯಲ್ಲಿ ಕುಳಿತು ಒಣಗಿಸಲು ಪರ್ಸಿಮನ್ ಹಣ್ಣಿನ ಸಿಪ್ಪೆ ತೆಗೆಯುತ್ತಿದ್ದಳು. ಎಂಬತ್ತು ದಾಟಿದ ಬೆರಳುಗಳು, ಆದರೂ ಸಿಪ್ಪೆ ಎಲ್ಲೂ ತುಂಡಾಗುತ್ತಿರಲಿಲ್ಲ.

“ಒಳ್ಳೆ ಕೆಲಸಗಾರರ ನೆನಪಿಗೆ ಅಂಗಡೀಲಿ ಗಾಜಿನ ಪೆಟ್ಟಿಗೆ ಮಾಡ್ತಿದೀನಿ ಅಜ್ಜಿ. ಮಾಸೆ ಸಾನ್ ಮುದ್ರೆ ಇದ್ರೆ ಕೊಡಿ, ಇಡ್ತೀನಿ.”

“ಇಡೋಕಾ, ಒತ್ತೋಕಾ?”

“ಅಯ್ಯೋ, ಇಡೋಕೆ ಅಜ್ಜಿ. ನನ್ನಾಣೆ.”

ಅವಳು ಚಾಕು ಕೆಳಗಿಟ್ಟು ಅವನನ್ನು ನೋಡಿದಳು. ಬಾವಿಯ ತಳ ನೋಡುವಷ್ಟು ಹೊತ್ತು ನೋಡಿದಳು. ಆಮೇಲೆ ಒಳಗೆ ಹೋಗಿ, ಹುಲ್ಲಿನ ಹಗ್ಗ ಸುತ್ತಿದ ಒಂದು ಚಿಕ್ಕ ಡಬ್ಬಿ ತಂದು ಅವನ ಅಂಗೈಯಲ್ಲಿಟ್ಟಳು. ಹಸಿ ಹುಲ್ಲಿನ ವಾಸನೆ, ತುಕ್ಕಿನ ವಾಸನೆ ಒಟ್ಟಿಗೆ ಮೂಗಿಗೆ ಹೊಡೆಯಿತು.

“ಕೇಳ್ಕೊಂಡು ಬಂದೋರಿಗೆ ಕೊಡ್ಬೇಕು ಅಂತಲೇ ಇಟ್ಕೊಂಡಿದ್ದೆ,” ಎಂದಳು. “ನನ್ನ ಮಗ ಕಾರಿನಡಿ ಮಲಗಿ, ಬಾಯಲ್ಲಿ ಟಾರ್ಚ್ ಕಚ್ಕೊಂಡು, ಕಣ್ಣಾರೆ ನೋಡಿದ ಮೇಲೇ ಇದನ್ನ ಒತ್ತುತಿದ್ದ. ನೋಡದೆ ಒತ್ಬೇಡಪ್ಪ.”

ಅವಳ ದನಿಯಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಕುಗಾ ತಲೆಬಾಗಿ ವಂದಿಸಿ, ದಾರಿಯುದ್ದಕ್ಕೂ ಸಿಳ್ಳೆ ಹಾಕುತ್ತ ಬಂದ.

ಅವನು ನೋಡಿದ್ದೂ ನಿಜ. ಅಂಗಡಿಯ ಶಟರ್ ಎಳೆದು, ಕಾರಿನಡಿ ಮಲಗಿ ಟಾರ್ಚ್ ಬಿಟ್ಟಾಗ ಬ್ರೇಕ್ ಪೈಪ್ ಮೇಲೆ ಹಳೇ ಗಾಯದ ಹಕ್ಕಳೆಯಂತೆ ತುಕ್ಕು ಎದ್ದಿತ್ತು. ಉಗುರು ತಾಗಿದರೆ ಉದುರುತ್ತಿತ್ತು. ಬದಲಾಯಿಸಲು ಹೊಸ ಪೈಪ್ ಬರಬೇಕು, ಎರಡು ವಾರ ಕಾಯಬೇಕು. ದಂತವೈದ್ಯ ಅಷ್ಟು ಕಾಯುವವನಲ್ಲ. ಕುಗಾ ತುಕ್ಕಿನ ಮೇಲೆ ಕಪ್ಪು ಬಣ್ಣ ಬಳಿದು ಎದ್ದ.

ಆಮೇಲೆ ಬರೆಯಲು ಕುಳಿತ. ಹರಿದ ಜಾಗಕ್ಕೆ ಅಂಥದೇ ಇನ್ನೊಂದು ಪುಸ್ತಕದ ಹಾಳೆ ಕೂರಿಸಿದ. ದೀಪಗಳು, ಸರಿ ಇವೆ. ಎಣ್ಣೆ ಸೋರಿಕೆ, ಇಲ್ಲ. ಸ್ಟೀರಿಂಗ್, ಸರಿ ಇದೆ. ಬ್ರೇಕ್, ಸರಿ ಇದೆ. ಹದಿನಾರು ವರ್ಷಕ್ಕೂ ಇದೇ ನಾಲ್ಕು ಸಾಲು, ಕೆಳಗೆ ಮುದ್ರೆ. ಮುದ್ರೆ ಬೆರಳಿಗೆ ಬೆಚ್ಚಗೆ ತಾಗುತ್ತಿತ್ತು, ಈಗಷ್ಟೇ ಯಾರೋ ಹಿಡಿದು ಬಿಟ್ಟ ಹಾಗೆ. ಕೊನೆಯ ಸಲ ಒತ್ತಿದಾಗ ದೂರದಲ್ಲಿ ಮರಕ್ಕೆ ಮೊಳೆ ಹೊಡೆದ ಸದ್ದು ಒಮ್ಮೆ ಕೇಳಿತು. ಯಾರೋ ಬೇಲಿ ಕಟ್ಟುತ್ತಿರಬೇಕು ಅಂದುಕೊಂಡ.

ಮೂರನೆಯ ದಿನ ಮಧ್ಯಾಹ್ನ ಊಟಕ್ಕೆ ಕುಳಿತಾಗ ಕುಗಾ ಕೇಳಿದ, “ದೀಪ ಹಾಕಬಾರ್ದಾ? ಕತ್ತಲಾಯ್ತಲ್ಲ.”

ಚಿನಾತ್ಸು ಕಿಟಕಿಯ ಕಡೆ ನೋಡಿದಳು. ಹೊರಗೆ ಕಣ್ಣು ಕುಕ್ಕುವ ಬಿಸಿಲು. “ತಮಾಷೆನಾ ರೀ?”

ತಮಾಷೆಯಾಗಿರಲಿಲ್ಲ. ಸಂಜೆಯೊಳಗೆ ಎಡಗಣ್ಣು ಆರಿತು, ಮರುದಿನ ಬಲಗಣ್ಣು ಮಂಜಾಯಿತು. ಆ ಮಂಜಿನಲ್ಲೇ ಪುಸ್ತಕವನ್ನು ಮೂಗಿಗೆ ಹಿಡಿದು ನೋಡಿದ. ದೀಪಗಳ ಸಾಲಿನಲ್ಲಿ ಅವನು ಬರೆದ ‘ಸರಿ ಇವೆ’ ಅಳಿಸಿಹೋಗಿತ್ತು. ಅಲ್ಲಿ ಒದ್ದೆ ಕೆಂಪು ಮುದ್ರೆಯೊಂದೇ ಇತ್ತು. ಆಗ ಮೂಗಿನಿಂದ ಏನೋ ಹನಿಯಿತು. ಹಾಳೆಯ ಮೇಲೆ ಟಪ್ ಎಂದು ಬಿದ್ದ ಹನಿ ಕಪ್ಪಗಿತ್ತು, ಅಂಟಂಟಾಗಿತ್ತು. ಸುಟ್ಟ ಎಂಜಿನ್ ಎಣ್ಣೆಯ ನಾತ. ಎಣ್ಣೆ ಸೋರಿಕೆ, ಇಲ್ಲ ಎಂದು ಬರೆದಿದ್ದು ಅವನೇ ತಾನೇ.

ಐದನೆಯ ದಿನ ಆ ಮಂಜೂ ಕತ್ತಲಾಯಿತು, ಕೈಯೂ ಹೋಯಿತು. ಬಲಕ್ಕೆ ಚಾಚಿದರೆ ಎಡಕ್ಕೆ ಹೋಗುತ್ತಿತ್ತು. ಲೋಟ ಎತ್ತಿದರೆ ನೀರು ಹೆಗಲ ಮೇಲೆ ಸುರಿಯುತ್ತಿತ್ತು. ಡಾಕ್ಟರು ಬಂದು ನರದ ದೌರ್ಬಲ್ಯವೆಂದು ಮಾತ್ರೆ ಕೊಟ್ಟು ಹೋದ. ಕುಗಾ ಹೆಂಡತಿಗೆ ಏನೂ ಹೇಳಲಿಲ್ಲ. ಹೇಳಿದರೆ ಮುದ್ರೆಯಿಂದ ಶುರುವಾಗಿ ಇನ್ನೂರು ಪುಸ್ತಕದ ತನಕ ಹೇಳಬೇಕಿತ್ತು. ಬಾಯಿ ಬಿಗಿಹಿಡಿದು ಮಲಗಿದ. ಮೂರು ಸಾಲು ಮುಗಿದಿವೆ, ಇನ್ನುಳಿದಿರುವುದು ಬ್ರೇಕ್. ಮನುಷ್ಯನಲ್ಲಿ ಬ್ರೇಕ್ ಎಂದರೆ ಯಾವುದು? ಕಾಲೇ? ಎದೆಬಡಿತವೇ? ಮಾತ್ರೆಯ ಮಂಪರಿನಲ್ಲೂ ಅದೇ ಯೋಚನೆ.

ಎಚ್ಚರವಾದಾಗ ಮನೆ ನಿಶ್ಶಬ್ದವಾಗಿತ್ತು. ಗೋಡೆ ಗಡಿಯಾರ ಹನ್ನೊಂದು ಹೊಡೆಯಿತು.

“ಚಿನಾತ್ಸು?”

ಆಗ ನೆನಪಾಯಿತು, ಮಂಪರಿನಲ್ಲಿದ್ದಾಗ ಕಿವಿಯ ಹತ್ತಿರ ಅವಳು ಹೇಳಿದ್ದು: “ಹಲ್ಲಿನ ಡಾಕ್ಟರ್‌ಗೆ ಇವತ್ತೇ ಕಾರು ಬೇಕಂತೆ. ನೀವು ಮಲಗಿರಿ, ನಾನೇ ತಕಾಸಾಕಿಗೆ ಬಿಟ್ಟು ಬರ್ತೀನಿ.”

ತಕಾಸಾಕಿಗೆ ಹೋಗಲು ಘಾಟಿ ಹತ್ತಬೇಕು. ಹತ್ತಿ ಇಳಿಯಬೇಕು. ಹದಿನಾಲ್ಕು ತಿರುವು.

ಕುಗಾ ಹಾಸಿಗೆಯಿಂದ ಉರುಳಿದ. ಕಣ್ಣಿಲ್ಲ. ಕೈ ಹೇಳಿದ ಮಾತು ಕೇಳುವುದಿಲ್ಲ. ಫೋನಿನ ಕಡೆ ಕೈ ಚಾಚಿದರೆ ಗೋಡೆಗೆ ಬಡಿಯಿತು. ಹೊಟ್ಟೆಯ ಮೇಲೆ ತೆವಳಿದ. ಮೇಜಿನ ಕಾಲಿಗೆ ಹಣೆ ತಾಗಿತು. ತಲೆಯಿಂದ ದೂಡಿದ. ಫೋನ್ ಬಿತ್ತು. ಒಂದನೇ ಗುಂಡಿ ಒತ್ತಿ ಹಿಡಿದರೆ ಅವಳಿಗೆ ಹೋಗುತ್ತದೆ. ಮೂಗಿನಿಂದ ಹುಡುಕಿದ. ಗಲ್ಲದಿಂದ ಒತ್ತಿದ. ಗಂಟೆ ಹೊಡೆಯಿತು. ಒಂದು. ಎರಡು. ಐದು. ಏಳು.

“ಎದ್ರಾ?” ಅವಳ ದನಿ. ಹಿಂದೆ ಗಾಳಿಯ ಸದ್ದು. “ಘಾಟಿ ತುದೀಲಿ ನಿಲ್ಸಿದೀನಿ. ಇಲ್ಲಿ ಅಕ್ಕಿ ಉಂಡೆ ಸುಡ್ತಿದಾರೆ, ಒಂದು ತಿಂದು ಇಳೀತೀನಿ.”

“ಇಳೀಬೇಡ.”

“ಯಾಕೆ?”

ಸುಳ್ಳು ತಾನಾಗಿಯೇ ನಾಲಿಗೆಗೆ ಬಂತು. “ಆ ಕಡೆ ಗುಡ್ಡ ಕುಸಿದಿದೆಯಂತೆ. ರೇಡಿಯೋಲಿ ಹೇಳಿದ್ರು.”

ಅವಳು ನಕ್ಕಳು. “ಈಗ ತಾನೇ ಬಸ್ಸು ಆ ಕಡೆಯಿಂದ ಬಂತಲ್ಲ. ಜ್ವರ ತಲೆಗೇರಿದೆ ನಿಮಗೆ, ಮಲ್ಕೊಳ್ಳಿ.” ಕಾರಿನ ಬಾಗಿಲು ತೆಗೆದ ಸದ್ದು. ಸೀಟು ಕಿರುಗುಟ್ಟಿದ ಸದ್ದು. “ಬ್ರೇಕು ಯಾಕೋ ಸ್ವಲ್ಪ ಮೆತ್ತಗಿದೆ ರೀ. ಪುಸ್ತಕ ನೋಡ್ದೆ, ಸರಿ ಇದೆ ಅಂತಿದೆ. ಅಲ್ವಾ?”

ಹೌದು ಎಂದರೆ ಮಾನ ಉಳಿಯುತ್ತದೆ. ಅಲ್ಲ ಎಂದರೆ ಅವಳು ಉಳಿಯುತ್ತಾಳೆ. ಕೀಲಿ ತಿರುಗಿತು. ಎಂಜಿನ್ ಗುಡುಗಿತು.

“ಸುಳ್ಳು!” ಕುಗಾ ಕಿರುಚಿದ. “ಬ್ರೇಕ್ ಸರಿ ಇಲ್ಲ. ಪೈಪ್ ತುಕ್ಕು ಹಿಡಿದಿದೆ. ನಾನೇ ನೋಡ್ದೆ. ನಾನೇ ಬಣ್ಣ ಬಳ್ದೆ. ಇಳಿ, ಇಳಿ ಕೆಳಗೆ.”

ಎಂಜಿನ್ ನಿಂತಿತು. ಬಾಗಿಲು ತೆರೆದ ಸದ್ದು, ಜಲ್ಲಿಯ ಮೇಲೆ ಹೆಜ್ಜೆಯ ಸದ್ದು.

“ಇಳಿದೆ,” ಎಂದಳು. ಆಮೇಲೆ, ನಿಧಾನವಾಗಿ, “ಇಷ್ಟೇನಾ?”

ಇಷ್ಟೇ ಎನ್ನಲು ಹೊರಟ. ಅವಳು ಬದುಕಿದಳು, ಇನ್ನು ಬಾಯಿ ಮುಚ್ಚಬೇಕು. ಮುಚ್ಚಲಾಗಲಿಲ್ಲ. ನಾಲಿಗೆ ಇಳಿಜಾರು ಹಿಡಿದಿತ್ತು. ಅಜ್ಜಿಗೆ ಸುಳ್ಳು ಹೇಳಿ ಮುದ್ರೆ ಹೊಡಕೊಂಡು ಬಂದೆ, ಎಂದಿತು. ಹರಿದ ಜಾಗಕ್ಕೆ ಬೇರೆ ಹಾಳೆ ಕೂರಿಸಿದೆ, ಎಂದಿತು. ಹೋದ ತಿಂಗಳು ಶಾಲೆ ಟೀಚರಿಗೆ ಮಾರಿದ ಕೆಂಪು ಕಾರಿನ ಚಕ್ರದ ಬೇರಿಂಗ್ ಸವೆದಿದೆ. ಅದಕ್ಕೂ ಮುಂಚೆ ಮಾರಿದ್ದರ ಚಾಸಿ ಬಿರುಕು ಬಿಟ್ಟಿದೆ. ಹಲ್ಲು ಕಚ್ಚಿದ, ಹಲ್ಲಿನ ಸಂದಿಯಿಂದ ಮಾತು ಬಂತು. ಮುಖವನ್ನು ಚಾಪೆಗೆ ಒತ್ತಿದ, ಚಾಪೆಯೊಳಗೆ ಮಾತು ಹೋಯಿತು. ಹೆಸರುಗಳು. ಊರುಗಳು. ನಂಬರುಗಳು. ನಿಲ್ಲಲಿಲ್ಲ. ಉಸಿರು ಕಟ್ಟಿತು. ಆದರೂ ನಿಲ್ಲಲಿಲ್ಲ. ಬ್ರೇಕ್ ಯಾವುದೆಂದು ಆಗ ಅವನಿಗೆ ಗೊತ್ತಾಯಿತು.

ಘಾಟಿಯ ತುದಿಯಲ್ಲಿ ಚಿನಾತ್ಸು ಒಂದು ಗಂಟೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಕಾರನ್ನು ಅಲ್ಲೇ ಬಿಟ್ಟು, ಬಸ್ಸು ಹತ್ತಿ ನೇರ ಪೊಲೀಸ್ ಠಾಣೆಗೆ ಹೋದಳು.

ಮೂರು ದಿನವಾದರೂ ಕುಗಾ ಮಾತಾಡುತ್ತಲೇ ಇದ್ದ. ನಿದ್ದೆಯಲ್ಲೂ, ಅನ್ನ ನುಂಗುವಾಗಲೂ. ಗಂಟಲು ಹರಿದು ಉಸಿರು ರಕ್ತದ ವಾಸನೆ ಹೊಡೆಯುತ್ತಿತ್ತು. ಕಣ್ಣು ಮರಳಲಿಲ್ಲ, ಕೈಯೂ ಮರಳಲಿಲ್ಲ. ಆಸ್ಪತ್ರೆಯ ಮೂಲೆ ಕೋಣೆಯಲ್ಲಿ ಒಬ್ಬ ಪೊಲೀಸ್ ಕುಳಿತು ಬರೆದುಕೊಳ್ಳುತ್ತಿದ್ದ. ಹೊರಗಿನ ಬೆಂಚಿನಲ್ಲಿ ಚಿನಾತ್ಸು ಆ ಪಟ್ಟಿ ಹಿಡಿದು, ಕಾರು ಕೊಂಡ ಒಬ್ಬೊಬ್ಬರಿಗೂ ಫೋನ್ ಮಾಡಿ ಕ್ಷಮೆ ಕೇಳುತ್ತಿದ್ದಳು. ಗಂಡನ ಕೋಣೆಗೆ ಮಾತ್ರ ಕಾಲಿಡಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಫುಮಿಯೆ ಬಂದು ಹಾಸಿಗೆಯ ಪಕ್ಕ ಕುಳಿತಳು. ಹಸಿ ಹುಲ್ಲಿನ ವಾಸನೆ ಬಂದದ್ದೇ ಕುಗಾನಿಗೆ ಯಾರೆಂದು ತಿಳಿಯಿತು. ಕಾಪಾಡಿ ಎಂದು ಬೇಡಬೇಕೆಂದಿದ್ದ, ಆದರೆ ಆ ಮಾತಿಗೆ ಬಾಯಿಯಲ್ಲಿ ಜಾಗವೇ ಇರಲಿಲ್ಲ.

“ಮೊದಲ್ನೇ ಸಲ ಸಿಟ್ಟಲ್ಲಿ ಒರಿಹಾರಾನ ಬಾಯಿ ಮುಚ್ಚಿಸ್ಬಿಟ್ಟೆ,” ಮುದುಕಿ ಅವನ ಕಿವಿಯ ಹತ್ತಿರ ಹೇಳಿದಳು. “ದಡ್ಡತನ ಮಾಡ್ದೆ. ನಿಜ ಅವನೊಬ್ಬನಿಗೇ ಗೊತ್ತಿತ್ತು, ಅವನ ಹೊಟ್ಟೇಲೇ ಉಳೀತು. ಈ ಮುದ್ರೆ ಕೇಳೋ ಬಾಯಿ ಇನ್ನೊಂದು ಬರ್ಲಿ ಅಂತ ಹದಿನಾರು ವರ್ಷ ಕಾದೆ.”

ಇನ್ನೂರನೆಯ ಕಾರು ಮುಗಿಯಿತು. ಕುಗಾನ ಪಾಪದ ಪಟ್ಟಿ ಖಾಲಿಯಾಯಿತು. ಬಾಯಿ ತಾನಾಗಿ ಮುಚ್ಚಿಕೊಂಡಿತು. ಮುಗಿಯಿತು ಎಂದುಕೊಂಡ. ಆಗ ಅವನ ಬಾಯಿ ಮತ್ತೆ ತೆರೆಯಿತು, ಅವನದಲ್ಲದ ಮೆಲುದನಿಯಲ್ಲಿ, ಅವನು ಎಂದೂ ಓದಿರದ ಸಾಲುಗಳನ್ನು ಹೇಳಿತು:

“ಅಕ್ಟೋಬರ್ ಒಂಬತ್ತು. ಎಂಬತ್ತೊಂದು ಸಾವಿರದ ಆರುನೂರ ಹನ್ನೆರಡು ಕಿಲೋಮೀಟರ್. ಹಿಂದಿನ ಬ್ರೇಕ್ ಪೈಪ್ ತುಕ್ಕು ಹಿಡಿದಿದೆ. ಓಡಿಸಬಾರದು. ಮಾಲೀಕರಾದ ಒರಿಹಾರಾ ಅವರಿಗೆ ಎರಡು ಸಲ ತಿಳಿಸಿದೆ, ಒಪ್ಪಲಿಲ್ಲ. ಮಾಸೆ ಇಸಾವೊ.”

ಪೊಲೀಸಿನವನ ಪೆನ್ನು ನಿಂತಿತು. ಅವನು ಎದ್ದು, ಟೋಪಿ ತೆಗೆದು, ಮುದುಕಿಯ ಮುಖ ನೋಡಿದ. ಅವಳು ಅಳುತ್ತಿರಲಿಲ್ಲ. ನೆಟ್ಟಗೆ ಕೂತು, ಕಿಮೊನೊದ ಅಂಚು ಸರಿಮಾಡಿಕೊಂಡು, ಕುರ್ಚಿಯನ್ನು ಹಾಸಿಗೆಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು.

“ಇನ್ನೊಂದ್ಸಲ ಹೇಳು,” ಎಂದಳು.

ಕುಗಾ ಹೇಳಿದ.