ಒಂದೇ ಮರದ ನಾಲ್ಕು ಹಾಳೆ

"ನೀನೇನ್ ವೆನೀರ್ ಆರಿಸಾಕ ಬಂದೀಯೋ, ಗಂಡನ್ನ ಆರಿಸಾಕ ಬಂದೀಯೋ? ಲಗೂನ ಮುಗಿಸವ್ವಾ, ಸಿರುಗುಪ್ಪ ಬಸ್ ಹೋಗ್ತೈತಿ!"

ಗೆಳತಿ ಜಯಶ್ರೀಯ ಮಾತಿಗೆ ಸಂಘಮಿತ್ರಾಳ ಕೆನ್ನೆ ಕೆಂಪಾಯಿತು. ಎದುರಿಗಿದ್ದ ಹುಲುಗೇಶ್ ತಲೆ ತಗ್ಗಿಸಿದ. ಆದರೆ ಮೀಸೆಯಡಿಯ ನಗು ಅಡಗಲಿಲ್ಲ.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಅವನದೊಂದು ಪುಟ್ಟ ಅಂಗಡಿ. ಮನೆಗೆ ಬೇಕಾದ ಸ್ಪೀಕರುಗಳನ್ನು ತಾನೇ ಕಟ್ಟಿಕೊಡುತ್ತಿದ್ದ. ಸಂಘಮಿತ್ರಾ ಸಿರುಗುಪ್ಪದ ಹೈಸ್ಕೂಲಿನಲ್ಲಿ ಟೀಚರ್. ಹೊಸ ಮನೆಯ ಹಾಲಿಗೆ ಒಂದು ಜೋಡಿ ಬೇಕಿತ್ತು. ಸ್ಪೀಕರ್ ಡಬ್ಬಿಗಳ ಮೇಲೆ ಅಂಟಿಸುವ ವೆನೀರ್, ಅಂದರೆ ಮರದ ತೆಳು ಹಾಳೆಯನ್ನು ಆರಿಸುವುದರಲ್ಲೇ ಮಧ್ಯಾಹ್ನ ಕಳೆದುಹೋಗಿತ್ತು.

"ಎಲ್ಲಾ ಮಾಸಿದಂಗ ಕಾಣ್ತಾವಲ್ರಿ..."

"ಸ್ವಲ್ಪ ತಡೀರಿ ಟೀಚರ್."

ಹುಲುಗೇಶ್ ಒದ್ದೆ ಬಟ್ಟೆಯಿಂದ ಒಂದು ಸಾಗವಾನಿ ಹಾಳೆಯನ್ನು ಮೆಲ್ಲಗೆ ಒರೆಸಿದ.

ಅಬ್ಬಾ! ಸಪ್ಪಗಿದ್ದ ಹಾಳೆಗೆ ಜೇನಿನ ಬಣ್ಣ ಬಂತು. ಅದರ ಎಳೆಗಳು ದೀಪದ ಕುಡಿಯಂತೆ ಮೇಲೆದ್ದವು.

"ಪಾಲಿಶ್ ಆದ್ಮ್ಯಾಲೆ ಹಿಂಗ ಇರ್ತೈತ್ರಿ. ಒಣಗಿದ್ದು ನೋಡಿ ಬ್ಯಾಡ ಅನ್ನಬಾರ್ದು."

ಅವನು ಹಾಳೆ ನೋಡುತ್ತಿದ್ದ. ಅವಳು ಅವನನ್ನು ನೋಡುತ್ತಿದ್ದಳು!

"ಇದ ಇರ್ಲಿ. ಆದ್ರ ಎರಡೂ ಡಬ್ಬಿ ಒಂದ ಥರ ಬರ್ತಾವೇನ್ರಿ?"

"ಒಂದ ದಿಮ್ಮಿಯಿಂದ ಒಂದರ ಹಿಂದ ಒಂದು ಸೀಳಿದ ಹಾಳಿ ಇವು. ಅವಳಿ ಮಕ್ಕಳಿದ್ದಂಗ. ನಾಕ ಅದಾವು. ನಿಮಗ ಎರಡು ಸಾಕು."

"ಉಳಿದ ಎರಡು ಯಾರಿಗೂ ಕೊಡಬ್ಯಾಡ್ರಿ ಮತ್ತ!" ಅವಳು ತಮಾಷೆಗೇ ಅಂದಳು.

ಅವನು ಮಾತ್ರ ನಗಲಿಲ್ಲ. "ಕೊಡಂಗಿಲ್ರಿ."

ಆಮೇಲೆ ಫೋನುಗಳು ಶುರುವಾದವು. ಅಂಟು ಒಣಗಿತು ಅಂತ ಒಂದು, ಪಾಲಿಶ್ ಹಿಡಿಯಿತು ಅಂತ ಇನ್ನೊಂದು. ಸ್ಪೀಕರಿನ ಮಾತು ಬೇಗ ಮುಗಿಯುತ್ತಿತ್ತು, ಫೋನ್ ಮಾತ್ರ ಮುಗಿಯುತ್ತಿರಲಿಲ್ಲ. ಊಟ ಆಯ್ತಾ, ಶಾಲೆಯಲ್ಲಿ ಇವತ್ತು ಯಾರಿಗೆ ಬೈದಿರಿ... ಎಲ್ಲಾ ಕೇಳುತ್ತಿದ್ದ. ಕೇಳಬೇಕಾದ ಒಂದು ಮಾತು ಬಿಟ್ಟು!

ಅಷ್ಟರಲ್ಲಿ ಕುರುಗೋಡಿನಿಂದ ಒಂದು ಸಂಬಂಧ ಬಂತು. "ಭಾನುವಾರ ಬರ್ರಿ ಅನ್ಲೋ ಬ್ಯಾಡ್ವೋ? ಇವತ್ತು ಸಂಜಿಗೆ ಹೇಳಿಬಿಡು," ಅಂದಿದ್ದಳು ಅಮ್ಮ. ಸ್ಪೀಕರ್ ತರುವ ದಿನವೂ ಅದೇ ಆಗಿತ್ತು.

'ಇವತ್ತಾದರೂ ಬಾಯಿ ಬಿಡ್ತಾನಾ?' ಎಂದುಕೊಳ್ಳುತ್ತಲೇ ಸಂಘಮಿತ್ರಾ ಅಂಗಡಿಗೆ ಬಂದಳು. ಹುಲುಗೇಶ್ ಇರಲಿಲ್ಲ. ಅವನ ತಾಯಿ ಹಂಪಮ್ಮ ಚಹಾ ತಂದಳು.

ಸಂಘಮಿತ್ರಾಳ ಜೋಡಿ ಹೊಸ್ತಿಲ ಬಳಿ ಫಳಫಳ ಹೊಳೆಯುತ್ತಿತ್ತು. ಒಳಗೆ, ಚೀಲ ಹೊದಿಸಿದ್ದ ಇನ್ನೆರಡು ಡಬ್ಬಿ. ಚೀಲ ಸರಿಸಿ ನೋಡಿದಳು.

ಅದೇ ಜೇನು ಬಣ್ಣ. ಅದೇ ದೀಪದ ಕುಡಿ!

"ಇವು... ಯಾರವು?"

"ಮುಟ್ಟಬ್ಯಾಡ ಯವ್ವಾ, ನಮ್ಮ ಹುಲುಗೇಶನ ಮದಿವಿ ಸಾಮಾನು ಅವು. ಯಾರ್ ಬಂದು ಕೇಳಿದ್ರೂ ಮಾರವಲ್ಲ."

ಮದುವೆ...! ಚಹಾದ ಲೋಟವನ್ನು ಕೆಳಗಿಟ್ಟಳು. 'ನಾನೆಂಥ ಹುಚ್ಚಿ... ಗಿರಾಕಿ ಜೊತೆ ಚೆಂದಾಗಿ ಮಾತಾಡಿದ್ದನ್ನೇ ಏನೇನೋ ಅಂದುಕೊಂಡೆನಲ್ಲ!'

ಹೊರಗೆ ಲಗೇಜ್ ಆಟೋ ಬಂದು ನಿಂತಿತು. ಅದರಿಂದಲೇ ಹುಲುಗೇಶ್ ಇಳಿದ.

"ಟೀಚರ್! ಯಾವಾಗ ಬಂದ್ರಿ?"

"ಉಳಿದ ಹಾಳಿ ಯಾರಿಗೂ ಕೊಡಂಗಿಲ್ಲ ಅಂದಿದ್ರಿ."

ಅವನ ಕಣ್ಣು ಸರಿಸಿದ್ದ ಚೀಲದ ಮೇಲೆ ಬಿತ್ತು. ಮುಖ ಬಿಳಿಚಿತು. "ಕೊಟ್ಟಿಲ್ರಿ... ನಾನ ಇಟ್ಕೊಂಡೀನಿ."

"ಗೊತ್ತಾತು. ಮದಿವಿ ಯಾವಾಗ?"

"ಹುಡುಗೀನ್ನ ಇನ್ನಾ ಕೇಳಿಲ್ರಿ."

"ಅಂದ್ರ?"

"ನಿಮ್ಮ ಜೋಡಿ ನಿಮ್ಮ ಮನಿಗೆ ಹೋದ್ಮ್ಯಾಲೆ ನನಗ ಫೋನ್ ಮಾಡಾಕ ನೆಪ ಎಲ್ಲಿರ್ತೈತ್ರಿ? ಅದ ಮರದ್ದೊಂದು ಜೋಡಿ ನಮ್ಮ ಮನ್ಯಾಗೂ ಇರ್ಲಿ ಅಂತ... ಯಾಕ ಮಾರವಲ್ಲಿ ಅಂತ ಅವ್ವ ಕೇಳಿದ್ಲು. ಮದಿವಿಗೆ ಬೇಕು ಅಂದೆ. ಹುಡುಗಿ ಯಾರು ಅಂತ ಹೇಳಾಕ ಧೈರ್ಯ ಆಗ್ಲಿಲ್ಲ."

"ನನಗ ಹೇಳಾಕಾದ್ರೂ?"

"ನೀವು ಟೀಚರು... ನಾನು ಡಬ್ಬಿ ಮಾಡಾಂವ."

ಸಂಘಮಿತ್ರಾಳ ಕಣ್ಣು ತುಂಬಿತು, ನಗುವೂ ಬಂತು. "ಒಣಗಿದ್ದು ನೋಡಿ ಬ್ಯಾಡ ಅನ್ನಬಾರ್ದು ಅಂತ ಹೇಳಿಕೊಟ್ಟಾಂವ ನೀನ ಅಲ್ಲೇನು?"

'ನೀನು'...! ಅವನ ಮುಖ ಕಿವಿ ತನಕ ಕೆಂಪೇರಿತು.

"ಕುರುಗೋಡಿಂದ ನನಗೊಂದು ಸಂಬಂಧ ಬಂದೈತಿ, ಬ್ಯಾಡ ಅಂತೀನಿ. ಭಾನುವಾರ ಅವ್ವನ್ನ ಕರ್ಕೊಂಡು ನೀನ ಬಾ."

"ಆದ್ರ... ಇಬ್ರ ಜೋಡೀನೂ ಕೂಡಿ ನಾಕು ಸ್ಪೀಕರ್ ಒಂದ ಹಾಲ್‌ನ್ಯಾಗ ಇಟ್ರ ಗ್ವಾಡಿ ಬಿರಕು ಬಿಡ್ತಾವ್ರಿ!"

"ಸೌಂಡ್ ಸಣ್ಣಗ ಹಚ್ಚೂನು."

ಆಟೋ ಡ್ರೈವರ್ ಎರ್ರೆಪ್ಪ ಹೊಸ್ತಿಲಿಗೆ ಬಂದು ಇಣುಕಿದ. "ಲೋಡ್ ಮಾಡ್ಲೇನವ್ವಾ?"

"ಈಗ ಬ್ಯಾಡ ಅಣ್ಣಾ. ಮದಿವಿ ಆದ್ಮ್ಯಾಲೆ ನಾಕೂ ಒಮ್ಮೆಗೇ ಒಯ್ಯೂನಂತ," ಅಂದಳು ಸಂಘಮಿತ್ರಾ.

ಎರ್ರೆಪ್ಪ ಒಬ್ಬೊಬ್ಬರ ಮುಖ ನೋಡಿದ. ಹೋಗಿ ಆಟೋ ಆಫ್ ಮಾಡಿ ಬಂದು ಸ್ಟೂಲ್ ಎಳೆದುಕೊಂಡು ಕೂತ. ಹಂಪಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಅವನ ಕೈಗೂ ಒಂದು ಲೋಟ ಚಹಾ ಕೊಟ್ಟಳು.